ಎರಡೂ ಕೈ ತಲೆಯ ಮೇಲೆ

ಏಪ್ರಿಲ್ 9

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ. ಆಸ್ಪತ್ರೆಗೆ ಮಾಡಿದರೆ ನರ್ಸ್ ಎತ್ತಿ, "ನಿಮ್ಮ ತಂಗಿ ಮಾತಾಡಲ್ವಂತೆ, ಏನಿದ್ರೂ ಕಾಗದ ಬರೀಬೇಕಂತೆ" ಎಂದು ಹೇಳಿ ಇಟ್ಟುಬಿಟ್ಟಳು. ಸರಿ, ಬರೆಯುತ್ತಿದ್ದೇನೆ. ಪೆನ್ನು ಹಿಡಿದು ಎಷ್ಟು ಕಾಲವಾಯಿತೋ. ಅಕ್ಷರ ನೋಡಿ ನಗಬೇಡ.

ಅಪ್ಪ ಕಣ್ಣು ಬಿಟ್ಟರು ಎಂದು ಕೇಳಿ ಹೋದ ಜೀವ ಬಂದಂತಾಯಿತು. ಈ ವಯಸ್ಸಿನಲ್ಲಿ ಕಾರ್ಟೂನಿನ ಕರಡಿ ವೇಷ ಹಾಕಿಕೊಂಡು ನಮ್ಮ ಕಂಪನಿಯ ಪಾರ್ಕಿನ ಬಿಸಿಲಲ್ಲಿ ಕುಣಿಯುವುದು ಸಾಕು ಎಂದು ನಾನು ಎಷ್ಟು ಸಲ ಹೇಳಿಲ್ಲ? "ಡುಮ್ಮಣ್ಣ ಅಂದ್ರೆ ನಾನೇ ಕಣಮ್ಮ" ಎಂದು ನಗುತ್ತಿದ್ದರು. ನೀನಾದರೂ ಜೊತೆಯಲ್ಲಿ ಕೈ ಹಿಡಿದು ನಡೆಯುತ್ತೀಯಲ್ಲ ಎಂದು ನಾನು ಇಲ್ಲಿ ನಿಶ್ಚಿಂತೆಯಿಂದ ಇದ್ದೆ.

ಈಗ ಇನ್ನೊಂದು ಮಾತು. ಕೇಳುವುದಕ್ಕೆ ನನಗೂ ನಾಚಿಕೆ. ಹದಿನೈದನೇ ತಾರೀಖಿನಿಂದ ಗೌರವ ಪಟ್ಟಿಯ ಸಮೀಕ್ಷೆ ಶುರು. ಒಂದು ತಿಂಗಳು ಜನರಿಗೆ ಫೋನ್ ಮಾಡಿ, ನೂರು ದೊಡ್ಡ ಕಂಪನಿಗಳ ಹೆಸರು ಹೇಳಿ, ಇವರನ್ನು ನಂಬುತ್ತೀರಾ, ಇವರು ಕೆಲಸದವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದು ಕೇಳಿ ಅಂಕ ಹಾಕುತ್ತಾರೆ. ಸಿನಿಮಾ, ಕಾರ್ಟೂನು, ಟೀವಿ, ಆರು ಪಾರ್ಕು, ಇಷ್ಟೆಲ್ಲ ಇಟ್ಟುಕೊಂಡ ನಮ್ಮ ಕಂಪನಿ ಹೋದ ವರ್ಷ ಮೂವತ್ತನಾಲ್ಕನೆಯದು. ಸೋಪು ಮಾಡುವವರು, ಟೈರು ಮಾಡುವವರು ನಮಗಿಂತ ಮೇಲೆ. ಜನಾಭಿಪ್ರಾಯ ವಿಭಾಗಕ್ಕೆ ನಾನು ಮುಖ್ಯಸ್ಥೆ. ಈ ಸಲವೂ ಇಳಿದರೆ ನನ್ನ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ.

ಆದ್ದರಿಂದ ಸಮೀಕ್ಷೆ ಮುಗಿಯುವ ತನಕ ಟೀವಿಯವರು, ಪೇಪರಿನವರು ಬಂದರೆ ಬಾಗಿಲು ಹಾಕಿಕೊ. ಪಾರ್ಕಿನವರು ನಿನ್ನನ್ನು ಅಮಾನತು ಮಾಡಿದ್ದು ಬರೀ ಹೆಸರಿಗೆ. ಅದನ್ನು ನನಗೆ ಬಿಡು. ನಾನು ಈಗ ಹೊರಟು ಬರುವ ಹಾಗಿಲ್ಲ. ಅಪ್ಪನಿಗೆ ನೀನೇ ಹೇಳು.

ನಿನ್ನ ಅಕ್ಕ


ಏಪ್ರಿಲ್ 14

ಅಕ್ಕನಿಗೆ,

ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ಬರೆದಿರುವುದು ಚೆನ್ನಾಗಿಲ್ಲ.

"ಪಾರ್ಕಿನಲ್ಲಿ ಒಬ್ಬ ಕಲಾವಿದರಿಗೆ ಸಣ್ಣ ಆಯಾಸ." ನಿಮ್ಮ ಕಂಪನಿ ಪೇಪರಿಗೆ ಕೊಟ್ಟ ಹೇಳಿಕೆ ಇದು. ಇಷ್ಟು ನುಣ್ಣಗೆ ಬರೆಯುವವರು ನಿನ್ನ ವಿಭಾಗದಲ್ಲೇ ಇರಬೇಕು. ಸಣ್ಣ ಆಯಾಸ ಹೇಗಿತ್ತು ಎಂದು ಹೇಳುತ್ತೇನೆ, ಓದು.

ವೇಷದ ಒಳಗಿರುವವರು ಬಾಯಿ ಬಿಡುವ ಹಾಗಿಲ್ಲ, ಜನ ಕಾಣುವ ಕಡೆ ಕರಡಿಯ ತಲೆ ತೆಗೆಯುವ ಹಾಗಿಲ್ಲ ಎಂಬುದು ನಿನಗೂ ಗೊತ್ತು. ಅದಕ್ಕೇ ಒಳಗೆ ಉಸಿರು ಕಟ್ಟಿದರೆ ಎರಡೂ ಕೈ ತಲೆಯ ಮೇಲೆ ಇಡುತ್ತಿದ್ದರು. ನನ್ನನ್ನು ಒಳಗೆ ಕರ್ಕೊಂಡು ಹೋಗು ಎಂದು ಪಕ್ಕದಲ್ಲಿ ಕೈ ಹಿಡಿದು ನಡೆಸುವ ಜೊತೆಗಾರರಿಗೆ ಹೇಳುವ ಗುರುತು ಅದು. ಅಪ್ಪ ಸೇರಿದಾಗಿನಿಂದ ಹಾಗೇ ಇತ್ತು. ಎರಡು ವರ್ಷದ ಹಿಂದೆ ನಿಮ್ಮ ಕಚೇರಿ ಅದನ್ನು ಡುಮ್ಮಣ್ಣನ ಆಟ ಮಾಡಿತು. ಪೋಸ್ಟರಿನಲ್ಲಿ, ಬಿಸ್ಕತ್ತಿನ ಪೊಟ್ಟಣದಲ್ಲಿ, ಮಕ್ಕಳ ಅಂಗಿಯಲ್ಲಿ, ಎಲ್ಲಿ ನೋಡಿದರೂ ಕೈ ತಲೆಯ ಮೇಲೆ. ನಮಗೆ ಹೊಸ ಗುರುತು ಕೊಟ್ಟರು, ಬಲಗೈ ಹೊಟ್ಟೆಯ ಮೇಲೆ ಎಂದು. ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಒಂದು ಚೀಟಿ ಅಂಟಿಸಿ ಕೈ ತೊಳೆದುಕೊಂಡರು.

ಪ್ರಜ್ಞೆ ತಪ್ಪುತ್ತಿರುವ ಮನುಷ್ಯನಿಗೆ ಗೋಡೆಯ ಚೀಟಿ ನೆನಪಾಗುತ್ತದೆಯೇ? ಅಪ್ಪ ಹಳೇ ಅಭ್ಯಾಸದಂತೆ ಕೈ ತಲೆಯ ಮೇಲೆ ಇಟ್ಟರು. ಸುತ್ತ ನಿಂತಿದ್ದ ಮಕ್ಕಳೂ ಇಟ್ಟವು. ಮಕ್ಕಳ ಅಪ್ಪ ಅಮ್ಮಂದಿರೂ ಇಟ್ಟರು. ಅಪ್ಪ ಕೈ ಇಳಿಸಲಿಲ್ಲ, ಅವರೂ ಇಳಿಸಲಿಲ್ಲ. ಆಮೇಲೆ ಅಪ್ಪ ಬಿದ್ದರು. ಬಿದ್ದಾಗ ಕೆಲವರು ಚಪ್ಪಾಳೆ ತಟ್ಟಿದರು.

ನಾನು ಕತ್ತಿನ ಹಿಂದಿನ ಕೊಂಡಿ ಬಿಚ್ಚಿ, ಕರಡಿಯ ತಲೆ ಕಿತ್ತು ಪಕ್ಕಕ್ಕೆ ಎಸೆದೆ. ಮಕ್ಕಳು ಚೀರಿಕೊಂಡವು. ಒಂದು ಮಗು "ಡುಮ್ಮಣ್ಣನ ಒಳಗೆ ಯಾರೋ ತಾತ ಇದಾರೆ" ಎಂದು ಅಳುತ್ತಿತ್ತು. ಮೇಲ್ವಿಚಾರಕ ಓಡಿ ಬಂದವನೇ "ತಲೆ ಎಲ್ಲಿ? ತಲೆ ಎಲ್ಲಿ ಹೋಯ್ತು?" ಎಂದ. ಅಪ್ಪನ ತಲೆ ನನ್ನ ತೊಡೆಯ ಮೇಲೇ ಇತ್ತು. ಅವನು ಹುಡುಕುತ್ತಿದ್ದದ್ದು ಇನ್ನೊಂದನ್ನು. ಅದಕ್ಕೆ ಒಂದು ಟವೆಲ್ ಮುಚ್ಚಿ, ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದ. ಅಪ್ಪ ನೆಲದ ಮೇಲೇ ಇದ್ದರು.

ಮೈಯ ಕಾವು ತಲೆಗೆ ಏರಿ ಮಿದುಳಿಗೆ ಪೆಟ್ಟಾಗಿದೆ ಎನ್ನುತ್ತಾರೆ ಡಾಕ್ಟರು. ಮಾತು ತೊದಲುತ್ತದೆ. ಹಳೆಯದೆಲ್ಲ ನೆನಪಿದೆ, ಬೆಳಗಿನದು ಮಧ್ಯಾಹ್ನಕ್ಕೆ ಇರುವುದಿಲ್ಲ. ನನ್ನ ಹತ್ತಿರ ಆಡಿದ್ದು ಒಂದೇ ಮಾತು: "ಮಕ್ಕಳು ನೋಡ್ಬಿಟ್ವಲ್ಲೇ." ಅದಾದ ಮೇಲೆ ಗೋಡೆಯ ಕಡೆ ತಿರುಗಿದವರು ತಿರುಗಿಯೇ ಇದ್ದಾರೆ.

ನನ್ನ ಕೆಲಸ ಹಾಳಾಗಿ ಹೋಗಲಿ. ಬೇಸಿಗೆ ರಜೆಯ ಜನ ಬರುತ್ತಿದ್ದಾರೆ. ಆರು ಪಾರ್ಕಿನಲ್ಲೂ ಡುಮ್ಮಣ್ಣಂದಿರಿದ್ದಾರೆ, ಅವರಿಗೂ ಮನೆಮಠ ಇದೆ. ಆ ಆಟ ನಿಲ್ಲಿಸಿ, ಗುರುತನ್ನು ಅವರಿಗೆ ವಾಪಸ್ ಕೊಡು. ಕೊಡುವ ತನಕ ನನ್ನ ಬಾಯಿಗೆ ಬೀಗ ಹಾಕಲು ಬರಬೇಡ.

ಅಮಾನತಿನಲ್ಲಿರುವ ಜೊತೆಗಾರ್ತಿ


ಏಪ್ರಿಲ್ 18

ಪುಟ್ಟಿ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನಂಬಿದರೆ ನಂಬು.

ಆದರೆ ನೀನು ತಿಳಿದುಕೊಂಡಿರುವಷ್ಟು ಸುಲಭವಿಲ್ಲ ಇದು. ಆ ಆಟವನ್ನು ಯಾರೋ ಒಬ್ಬರು ಕೂತು ತೀರ್ಮಾನ ಮಾಡಿದ್ದಲ್ಲ. ಜಾಹೀರಾತಿನವರು, ಸಿನಿಮಾದವರು, ಪಾರ್ಕಿನವರು ಎಲ್ಲ ಸೇರಿ ಒಪ್ಪಿದ್ದು. ಮುಂದಿನ ತಿಂಗಳು ಡುಮ್ಮಣ್ಣನ ಸಿನಿಮಾ ಬರುತ್ತಿದೆ. ಪೋಸ್ಟರಿನ ತುಂಬ ಅದೇ ಇದೆ. ಈಗ ನಿಲ್ಲಿಸಿದರೆ ಯಾಕೆ ನಿಲ್ಲಿಸಿದಿರಿ ಎಂದು ಜನ ಕೇಳುತ್ತಾರೆ. ಆ ಪ್ರಶ್ನೆಯೇ ಬರಬಾರದು, ಅದೂ ಸಮೀಕ್ಷೆಯ ತಿಂಗಳಲ್ಲಿ. ಕಾವು ಆರಲಿ, ನಾನು ಮಾತಾಡುತ್ತೇನೆ.

ಅಪ್ಪನಿಗೆ ಹಣ್ಣಿನ ಬುಟ್ಟಿ ಕಳಿಸಿದ್ದೇನೆ. ದ್ರಾಕ್ಷಿ ಅವರಿಗೆ ಇಷ್ಟವಲ್ಲವೇ.

ಅಕ್ಕ


ಏಪ್ರಿಲ್ 23

ಅಕ್ಕನಿಗೆ,

ಬುಟ್ಟಿ ಬಂತು. ಮೇಲೆ ಕಂಪನಿಯ ಕಾರ್ಡು, ಕಾರ್ಡಿನ ಮೇಲೆ ಕರಡಿ, ಕರಡಿಯ ಎರಡೂ ಕೈ ತಲೆಯ ಮೇಲೆ. ಕಳಿಸುವ ಮುಂಚೆ ನೋಡಲೂ ಇಲ್ಲವೇ ನೀನು? ಹಣ್ಣನ್ನು ವಾರ್ಡಿನವರಿಗೆಲ್ಲ ಹಂಚಿದೆ. ಕಾರ್ಡನ್ನು ಇದರ ಜೊತೆಯಲ್ಲೇ ವಾಪಸ್ ಕಳಿಸಿದ್ದೇನೆ, ನಿನ್ನ ಮೇಜಿನ ಮೇಲೆ ಇಟ್ಟುಕೊ.

"ಯಾರೋ ಒಬ್ಬರು ತೀರ್ಮಾನ ಮಾಡಿದ್ದಲ್ಲ." ಯಾರ ಕಿವಿಗೆ ಹೂವಿಡುತ್ತಿದ್ದೀಯ? ಆ ಆಟ ಶುರು ಮಾಡಿದ ದಿನದ ನಿನ್ನ ಭಾಷಣವನ್ನು ಪಾರ್ಕಿನ ಕ್ಯಾಂಟೀನಿನ ಟೀವಿಯಲ್ಲಿ ಹಾಕಿದ್ದರು, ಮರೆತೆಯಾ? ಕಸ ಗುಡಿಸುವವರಿಂದ ಹಿಡಿದು ಟಿಕೆಟ್ ಹರಿಯುವವರ ತನಕ ಎಲ್ಲರನ್ನೂ ಕೂರಿಸಿ ತೋರಿಸಿದರು. "ಈ ಕಲ್ಪನೆ ನನ್ನ ಬಾಲ್ಯದಿಂದ ಬಂದದ್ದು" ಎಂದೆ. ಮನೆಗೆ ಯಾರಾದರೂ ಬಂದು ಹಾಡು ಹೇಳು, ಕುಣಿದು ತೋರಿಸು ಎಂದು ಪೀಡಿಸಿದಾಗ ನಾವಿಬ್ಬರೂ ಕೈ ತಲೆಯ ಮೇಲೆ ಇಡುತ್ತಿದ್ದೆವು ಎಂದೆ. ಸಭೆ ನಕ್ಕಿತು. ಅದನ್ನು ನಮಗೆ ಕಲಿಸಿದ್ದು ಯಾರು, ಯಾಕೆ ಎಂದು ಮಾತ್ರ ಹೇಳಲಿಲ್ಲ. "ಸಾಕಾದಾಗ ಹಿಂಗೆ ಇಡಿ, ಎಲ್ಲಿದ್ರೂ ಬಂದು ಕರ್ಕೊಂಡು ಹೋಗ್ತೀನಿ" ಎನ್ನುತ್ತಿದ್ದರು ಅಪ್ಪ. ಕರೆದುಕೊಂಡು ಹೋಗುತ್ತಲೂ ಇದ್ದರು. ನೆಂಟರ ಮುಂದಿನಿಂದ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೆ ಎತ್ತಿಕೊಂಡು ಹೋದದ್ದು ನನಗೇ ನೆನಪಿದೆ, ನಿನಗೆ ಇಲ್ಲವೇ?

ಆವತ್ತು ಕ್ಯಾಂಟೀನಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅಪ್ಪ. ನನ್ನ ಮಗಳು ಎಂದು ಪಕ್ಕದವರಿಗೆ ಹೇಳಲಿಲ್ಲ, ಯಾಕೆಂದರೆ ನೀನು ಹೇಳಬೇಡ ಎಂದಿದ್ದೆ. ದೊಡ್ಡ ಕಚೇರಿಯಲ್ಲಿ ಕರಡಿಯ ಮಗಳು ಎಂದು ಗೊತ್ತಾಗಬಾರದು ನಿನಗೆ.

ನಿನಗೆ ಗೊತ್ತಿತ್ತು. ಗೊತ್ತಿದ್ದೇ ಮಾರಿದೆ.


ಮೇ 3

ಪುಟ್ಟಿ,

ನೀನು ಇಷ್ಟು ಕೆಳಗೆ ಇಳಿಯುತ್ತೀಯ ಎಂದು ಅಂದುಕೊಂಡಿರಲಿಲ್ಲ.

ಬೆಳಿಗ್ಗೆಯಿಂದ ಆ ವೀಡಿಯೊ ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. ನೀನು ಕರಡಿಯ ತಲೆ ಕೀಳುವುದು, ಅಪ್ಪನ ಮುಖ, ಮಕ್ಕಳು ಅಳುವುದು. ಲಿಫ್ಟಿನಲ್ಲಿ ಇಬ್ಬರು ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಪಾಪ, ಯಾರ ಮನೆ ಮುದುಕನೋ" ಎಂದರು. ನಾನು ಮಹಡಿಯ ನಂಬರು ನೋಡುತ್ತಾ ನಿಂತಿದ್ದೆ. ಇನ್ನೂ ಸಮೀಕ್ಷೆ ನಡೆಯುತ್ತಿದೆ. ಅದು ಮುಗಿಯುವ ತನಕ ತಡೆದುಕೋ ಎಂದು ಬೇಡಿಕೊಂಡೆ, ನಿನ್ನ ಕೈಯಲ್ಲಿ ಅದೂ ಆಗಲಿಲ್ಲ.

ಒಂದು ವಿಷಯ ತಿಳಿದಿರಲಿ. ಪಾರ್ಕಿನ ಕ್ಯಾಮರಾದಲ್ಲಿ ಪೂರ್ತಿ ದೃಶ್ಯ ಇದೆ. ಜನ ನೋಡುತ್ತಿರುವುದು ಕೊನೆಯ ತುಂಡು ಮಾತ್ರ. ಅದಕ್ಕಿಂತ ಮುಂಚೆ, ಅಪ್ಪ ಕೈ ಇಟ್ಟುಕೊಂಡು ನಿಂತಿದ್ದಾಗ, ಪಕ್ಕದಲ್ಲಿ ನಿಂತು ಕೈ ತಲೆಯ ಮೇಲೆ ಇಟ್ಟು ಮಕ್ಕಳಿಗೂ ಇಡಲು ಹೇಳುತ್ತಿರುವವಳು ನೀನು. ನಗುತ್ತಾ ಇದ್ದೀಯ. ಅದನ್ನು ಹೊರಗೆ ಬಿಟ್ಟರೆ ಜನ ಯಾರಿಗೆ ಉಗಿಯುತ್ತಾರೆ ಎಂದು ಯೋಚಿಸು. ನಾನು ಬಿಡಬೇಡಿ ಎಂದು ಹೇಳಿ ತಡೆದಿದ್ದೇನೆ. ಎಷ್ಟು ದಿನ ತಡೆಯಬಲ್ಲೆನೋ ಗೊತ್ತಿಲ್ಲ.

ಹೊಸ ಗುರುತು ಕೊಡಬೇಕೆಂದು ವರದಿಯಲ್ಲಿ ಬರೆದವಳೂ ನಾನೇ. ಅದನ್ನು ಗೋಡೆಗೆ ಅಂಟಿಸಿ ಸುಮ್ಮನಾದದ್ದು ಪಾರ್ಕಿನವರು. ಎಲ್ಲವನ್ನೂ ನನ್ನ ತಲೆಗೆ ಕಟ್ಟಬೇಡ.

ಅಕ್ಕ


ಮೇ 7

ಬಿಡು.

ವೀಡಿಯೊ ಕಳಿಸಿದ್ದು ನಾನಲ್ಲ. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡಿದ್ದ ಒಬ್ಬ ತಾಯಿ ತೆಗೆದದ್ದು. "ಸಣ್ಣ ಆಯಾಸ" ಎಂದು ಹೋದ ವಾರ ಯಾವುದೋ ಹಳೇ ಪೇಪರಿನಲ್ಲಿ ಓದಿ ಮೈ ಉರಿದು ಹಾಕಿದೆ ಎಂದು ಅವಳೇ ಆಸ್ಪತ್ರೆಗೆ ಬಂದು ಹೇಳಿದಳು. ನಿನ್ನ ನುಣ್ಣನೆಯ ಮಾತೇ ಅದನ್ನು ಹೊರಗೆ ತಂದದ್ದು. ನನ್ನನ್ನು ಬೈದು ಸುಸ್ತಾಗಬೇಡ.

ಪೂರ್ತಿ ದೃಶ್ಯವನ್ನೂ ಬಿಡು. ಇವತ್ತೇ ಬಿಡು. ಹೌದು, ನಾನೂ ಇಟ್ಟಿದ್ದೆ. "ಡುಮ್ಮಣ್ಣ ಇಟ್ಟ, ನೀವೂ ಇಡ್ರೋ" ಎಂದು ಕೂಗಿದವಳು ನಾನೇ. ನನ್ನ ಕೈಯಲ್ಲಿ ಅಪ್ಪನ ಕೈ ಇತ್ತು, ಅದು ಜಾರಿ ಮೇಲೆ ಹೋದಾಗ ಇವತ್ತು ಅಪ್ಪ ಒಳ್ಳೆ ಹುರುಪಿನಲ್ಲಿದ್ದಾರೆ ಅಂದುಕೊಂಡೆ. ಅದನ್ನು ನೆನೆಸಿಕೊಳ್ಳದೆ ನಾನು ಒಂದು ತುತ್ತು ಅನ್ನ ತಿಂದಿಲ್ಲ. ನನ್ನನ್ನು ಹೆದರಿಸಲು ಬೇರೆ ಏನಾದರೂ ಇದ್ದರೆ ಹುಡುಕಿಕೊ.

ಅದಕ್ಕೇ ನಿನ್ನನ್ನು ಕಂಡರೆ ನನಗೆ ದ್ವೇಷ. ಬರೆದೇ ಹೇಳುತ್ತಿದ್ದೇನೆ, ದ್ವೇಷ. ಅಪ್ಪ ಕರೆದರೆ ನನಗೆ ಗೊತ್ತಾಗದ ಹಾಗೆ ಮಾಡಿದೆ ನೀನು. ಅಪ್ಪ ಕೂಗಿಕೊಂಡರು, ನಾನು ಎದುರಿಗೆ ನಿಂತು ನಕ್ಕೆ.


ಜೂನ್ 3

ಪುಟ್ಟಿ,

ಸ್ವಲ್ಪ ಹೊತ್ತು ಕೋಪ ಬದಿಗಿಟ್ಟು ಓದು.

ಪಟ್ಟಿ ಬಂದಿದೆ. ನಾವು ಆರನೆಯವರು. ಮೂವತ್ತನಾಲ್ಕರಿಂದ ಆರಕ್ಕೆ. ಕಚೇರಿಯಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ. ಜನ ಏನು ಹೇಳಿದ್ದಾರೆ ಎಂದು ತೆಗೆದು ನೋಡಿದೆವು. ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿರುವುದು "ಕೆಲಸದವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂಬುದಕ್ಕೆ. ಕಾರಣ ನೀನು. ಆ ವೀಡಿಯೊ ನೋಡಿದವರು, ಆ ಹುಡುಗಿ ಕ್ಷಣವೂ ಯೋಚಿಸದೆ ತಲೆ ಕಿತ್ತು ಬಿಸಾಕಿ ಜೀವ ಉಳಿಸಿದಳು, ಇಂಥವರನ್ನು ತಯಾರು ಮಾಡಿದ ಕಂಪನಿ ಒಳ್ಳೆಯದೇ ಇರಬೇಕು ಎಂದುಕೊಂಡಿದ್ದಾರೆ. ನಿನ್ನನ್ನು ಅಮಾನತು ಮಾಡಿದ್ದು ಹೊರಗೆ ಗೊತ್ತೇ ಇಲ್ಲ. ಇವತ್ತು ಅದನ್ನು ರದ್ದು ಮಾಡಿಸಿದೆ.

ಇಪ್ಪತ್ತನೇ ತಾರೀಖು ಸಮಾರಂಭ, ಟೀವಿಯಲ್ಲಿ ನೇರವಾಗಿ ಬರುತ್ತದೆ. ನಿನ್ನನ್ನು ವೇದಿಕೆಗೆ ಕರೆದು ಸನ್ಮಾನ ಮಾಡಬೇಕೆಂದಿದ್ದಾರೆ. ಡುಮ್ಮಣ್ಣನ ವೇಷದಲ್ಲಿ ಒಬ್ಬರು ಬರುತ್ತಾರೆ, ಆವತ್ತಿನ ಹಾಗೆ ನೀನು ತಲೆ ತೆಗೆಯಬೇಕು, ಅಷ್ಟೇ. ಅಪ್ಪನಿಗೆ ಗಾಲಿಕುರ್ಚಿಯ ವ್ಯವಸ್ಥೆ ಇದೆ.

ಇನ್ನೊಂದು ವಿಷಯ. ಒಳಗಿದ್ದವರು ನನ್ನ ತಂದೆ ಎಂದು ಬಾಸ್‌ಗೆ ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಅವರು, "ಒಳ್ಳೆ ಕಥೆ, ಮುಂದಿನ ವರ್ಷದ ಸಮೀಕ್ಷೆಗೆ ಇಟ್ಕೊಳ್ಳೋಣ" ಎಂದರು. ನಾನು ಆಗಲಿ ಎಂದು ಬಂದೆ. ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಬಾ ಪುಟ್ಟಿ.

ಅಕ್ಕ


ಜೂನ್ 8

ಅಕ್ಕನಿಗೆ,

ಓದಿ ನಕ್ಕೆ. ಎರಡು ತಿಂಗಳಾದ ಮೇಲೆ ಮೊದಲ ಸಲ. ಪಕ್ಕದ ಮನೆಯವರು ಏನಾಯಿತು ಎಂದು ಬಂದು ನೋಡಿಕೊಂಡು ಹೋದರು.

ನಿಯಮ ಮುರಿದದ್ದಕ್ಕೆ ಮನೆಗೆ ಕಳಿಸಿದಿರಿ, ಅದೇ ಮುರಿದದ್ದಕ್ಕೆ ಆರನೇ ಸ್ಥಾನಕ್ಕೆ ಏರಿದಿರಿ. ಈಗ ಅದನ್ನು ವೇದಿಕೆಯ ಮೇಲೆ ಇನ್ನೊಂದು ಸಲ ಮುರಿದು ತೋರಿಸಬೇಕಂತೆ, ಸಂಗೀತದ ಜೊತೆಗೆ. ಅಪ್ಪ ಗಾಲಿಕುರ್ಚಿಯಲ್ಲಿ ಕೂತು ನೋಡಬೇಕಂತೆ. ನಿಮಗೆಲ್ಲ ಮೈಯಲ್ಲಿ ಹರಿಯುವುದು ರಕ್ತವೋ ಜಾಹೀರಾತಿನ ಬಣ್ಣವೋ. ಬಾಸ್ ಏನೆಂದರು ಎಂದು ನನಗೆ ಹೇಳಬೇಡ. ಅಲ್ಲಿಂದ ಎದ್ದು ಬಂದೆ ಎಂದು ಬರೆದಿದ್ದರೆ ಓದುತ್ತಿದ್ದೆ.

ನಾನು ಬರುವುದಿಲ್ಲ. ಕೆಲಸಕ್ಕೂ ಬರುವುದಿಲ್ಲ. ಇಲ್ಲಿ ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಸಿಕ್ಕಿದೆ. ಅಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಬಾಯಿ ಬಿಟ್ಟು ಹೇಳಬಹುದು.

ಹೋದ ವಾರ ನನ್ನ ಹಳೇ ಪಾರ್ಕಿನಲ್ಲಿ ಅಪ್ಪನ ಜಾಗಕ್ಕೆ ಬಂದವನೂ ಕುಸಿದನಂತೆ. ಜೊತೆಗಾರ ಹೇಗೋ ಹಿಂಬಾಗಿಲಿಗೆ ಎಳೆದುಕೊಂಡು ಹೋದನಂತೆ. ಆ ಸುದ್ದಿ ನಿನ್ನ ಮೇಜಿಗೆ ಬಂದಿಲ್ಲ ಎಂದು ಹೇಳಬೇಡ. ಪಾರ್ಕಿಗೆ ಬರುವ ಜನ ಕಡಿಮೆಯಾಗಿಲ್ಲ, ಬಿಸಿಲೂ ಇಳಿದಿಲ್ಲ.

ಒಂದೇ ಒಂದು ಕೆಲಸ ಮಾಡು. ಆವತ್ತು ಮೈಕು ನಿನ್ನ ಕೈಗೆ ಬರುತ್ತದಲ್ಲ, ಆಗ ಹೇಳು: ಅದು ಆಟವಲ್ಲ, ಒಳಗಿರುವವರು ಕಾಪಾಡಿ ಎನ್ನುವುದು ಅದು, ಮಕ್ಕಳೇ, ಡುಮ್ಮಣ್ಣ ಕೈ ತಲೆಯ ಮೇಲೆ ಇಟ್ಟರೆ ದೊಡ್ಡವರನ್ನು ಕೂಗಿ ಕರೆಯಿರಿ. ಇಷ್ಟೇ. ದೇಶವೆಲ್ಲ ನೋಡುತ್ತಿರುವಾಗ ನೀನು ಹೇಳಿಬಿಟ್ಟರೆ ಯಾರೂ ಅದನ್ನು ವಾಪಸ್ ತೆಗೆದುಕೊಳ್ಳಲಾರರು. ನಿನ್ನ ಕುರ್ಚಿ ಹೋಗುತ್ತದೆ, ಗೊತ್ತು. ಮನೆಗೆ ಬಾ, ಅಪ್ಪನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇದೆ.

ಹೇಳಿದರೆ ನಿನ್ನನ್ನು ಬಾಯಿ ತುಂಬ ಅಕ್ಕ ಎಂದು ಕರೆಯುತ್ತೇನೆ. ಇಲ್ಲದಿದ್ದರೆ ಇದು ಕೊನೆ.


ಜೂನ್ 13

ಪುಟ್ಟಿ,

ಹೇಳುತ್ತೇನೆ.

ಟೀವಿ ಹಾಕಿಕೊಂಡು ಅಪ್ಪನನ್ನು ಮುಂದೆ ಕೂರಿಸು.

ಅಕ್ಕ


ಜೂನ್ 22

ಟೀವಿ ಹಾಕಿಕೊಂಡು ಅಪ್ಪನನ್ನು ಮುಂದೆ ಕೂರಿಸಿದ್ದೆ.

ನೀಲಿ ಬಟ್ಟೆ ನಿನಗೆ ಒಪ್ಪುತ್ತದೆ. ನೀನು ಬಂದು ಮೈಕಿನ ಮುಂದೆ ನಿಂತಾಗ ಅಪ್ಪ ಹುಬ್ಬು ಏರಿಸಿ ನೋಡಿದರು. "ನಾನು ಒಂದು ಮಾತು ಹೇಳಬೇಕು" ಎಂದೆ. ಸತ್ಯ ಹೇಳುತ್ತೇನೆ, ಆ ಒಂದು ಕ್ಷಣ ನಿನ್ನ ಮೇಲೆ ನನಗೆ ಪ್ರೀತಿ ಬಂತು, ಚಿಕ್ಕಂದಿನಲ್ಲಿ ಬರುತ್ತಿದ್ದ ಹಾಗೆ. ಅಷ್ಟರಲ್ಲಿ ನಿರೂಪಕ ಮಧ್ಯೆ ಬಾಯಿ ಹಾಕಿ, "ಮೊದಲು ಎಲ್ಲರೂ ಡುಮ್ಮಣ್ಣನ ಹಾಗೆ ಮಾಡೋಣ, ಆಮೇಲೆ ಮೇಡಂ ಮಾತು" ಎಂದ. ಸಭೆಗೆ ಸಭೆಯೇ ಎದ್ದಿತು. ಸೂಟು ಹಾಕಿದವರು, ಸಿನಿಮಾದವರು, ನಿನ್ನ ಬಾಸು, ಎಲ್ಲರ ಕೈಯೂ ತಲೆಯ ಮೇಲೆ. ನೀನು ಇಡುವುದಿಲ್ಲ ಎಂದುಕೊಂಡೆ. ಕ್ಯಾಮರಾ ನಿನ್ನ ಮುಖದ ಹತ್ತಿರ ಬಂತು. ನೀನು ಇಟ್ಟೆ. ಆಮೇಲೆ ಮೈಕು ನಿನ್ನ ಮುಂದೆಯೇ ಇತ್ತು. "ಎಲ್ಲರಿಗೂ ಧನ್ಯವಾದ" ಎಂದು ಹೇಳಿ ಹೋಗಿ ಕೂತೆ.

ನಾನು ಟೀವಿ ಆರಿಸಲು ಎದ್ದೆ. ಅಪ್ಪ ನನಗಿಂತ ಮುಂಚೆ ಎದ್ದಿದ್ದರು, ಗೋಡೆ ಹಿಡಿದುಕೊಂಡು. ಆಸ್ಪತ್ರೆಯಿಂದ ಬಂದ ಮೇಲೆ ಒಬ್ಬರೇ ಎದ್ದದ್ದು ಅದೇ ಮೊದಲು. ನನ್ನ ಹತ್ತಿರ ಮಾತು ಬಿಟ್ಟವರು ತೊದಲುತ್ತಾ, "ದೊಡ್ಡೋಳಿಗೆ ಉಸಿರು ಕಟ್ತಾ ಇದೆ ಕಣೇ. ಹೋಗು, ಒಳಗೆ ಕರ್ಕೊಂಡು ಬಾ" ಎಂದರು.

"ಅದು ಆಟ ಅಪ್ಪ" ಎಂದೆ.

ನನ್ನ ಮುಖವನ್ನೇ ನೋಡಿದರು. "ಆವತ್ತೂ ಹಂಗೇ ಅಂದ್ಕೊಂಡೆ ನೀನು" ಎಂದರು.

ಇಷ್ಟು ದಿನ ಗೋಡೆಯ ಕಡೆ ತಿರುಗಿದ್ದು ಮಕ್ಕಳು ಮುಖ ನೋಡಿದವು ಎಂದಲ್ಲ, ಅಕ್ಕ. ನಾನು ನಕ್ಕದ್ದನ್ನು ಅವರು ಒಳಗಿನಿಂದ ನೋಡಿದ್ದರು. ಅದನ್ನು ನನ್ನ ಬಾಯಿಂದ ನಿನಗೆ ಹೇಳಬೇಕಾಗಿ ಬಂತಲ್ಲ ಎಂದು ಸಂಕಟವಾಗುತ್ತಿದೆ, ಆದರೆ ನಿನಗೆ ಬಿಟ್ಟರೆ ಇನ್ಯಾರಿಗೆ ಹೇಳಲಿ.

ಆಮೇಲೆ ಚಪ್ಪಲಿ ಹುಡುಕಲು ಶುರು ಮಾಡಿದರು, ತಾವೇ ಹೋಗುತ್ತಾರಂತೆ. ನಾನು ಹೋಗುತ್ತೇನೆ, ನೀವು ಕೂತಿರಿ ಎಂದು ಕೂರಿಸಿದೆ. ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯ ತನಕ ನಡೆದು, ಸ್ವಲ್ಪ ಹೊತ್ತು ನಿಂತು ವಾಪಸ್ ಬಂದೆ. ಬಸ್ಸು ತಪ್ಪಿತು ಎಂದು ಸುಳ್ಳು ಹೇಳಿದೆ.

ನಾನು ನಿನ್ನನ್ನು ಕರೆಯಲು ಬರುವುದಿಲ್ಲ. ಆ ಕೈ ನೀನೇ ಇಟ್ಟದ್ದು, ನೀನೇ ಇಳಿಸಿಕೊ. ಆದರೆ ಬೆಳಗಿನದು ಮಧ್ಯಾಹ್ನಕ್ಕೆ ಮರೆಯುವ ಮನುಷ್ಯ ಇದೊಂದನ್ನು ಮರೆಯುತ್ತಿಲ್ಲ. ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಸಿಕೊಂಡು ಕೂತಿದ್ದಾರೆ. ನಾನು ವ್ಯಾನಿನ ಕೆಲಸ ಮುಗಿಸಿ ಬಂದಾಗಲೆಲ್ಲ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ, "ಬಂದ್ಲಾ?" ಎಂದು ಕೇಳುತ್ತಾರೆ.